ಪದ್ಮರಾಜಯ್ಯನವರ ದೂರು

ಹಾಸನದ ಸೈಬರ್ ಠಾಣೆ. ನನ್ನ ಮೇಜು ಕಿಟಕಿಯ ಪಕ್ಕ.
ನಮೂನೆಯ ನಾಲ್ಕನೇ ಕಾಲಂ: ವಂಚನೆಯ ವಿಧ.
ಎದುರಿಗೆ ಪದ್ಮರಾಜಯ್ಯ,
ಅರಸೀಕೆರೆ ಜಂಕ್ಷನ್ನಿನಲ್ಲಿ ಇಪ್ಪತ್ತೊಂಬತ್ತು ವರ್ಷ
ಮೈಕಿನ ಹಿಂದೆ ಕೂತವರು.
‘ಬರೆದುಕೊಳ್ಳಿ’ ಎಂದರು.
ತಟ್ಟನೆ ತಲೆಯೆತ್ತಿದೆ.
ಮುಖ ಹೊಸದು. ಆದರೆ ಕಾಲೇಜಿನ ಮೂರು ವರ್ಷ
ಮೇಲ್ಸೇತುವೆಯ ಮೆಟ್ಟಿಲು ನಾನು ಓಡಿ ಇಳಿದದ್ದು
ಈ ದನಿ ಕೇಳಿ.

‘ಅದೇನಮ್ಮ ಈ ನೆಟ್‌ವರ್ಕು?
ಕಣ್ಣಿಗೇ ಕಾಣದ್ದರೊಳಗೆ ಕಳ್ಳ ಹೊಕ್ಕದ್ದು ಹೇಗೆ?’

ತರಬೇತಿಯಲ್ಲಿ ಕೊಟ್ಟ ಪುಸ್ತಿಕೆ ಡ್ರಾಯರಿನಲ್ಲಿತ್ತು. ತೆಗೆಯಲಿಲ್ಲ.
ನಿಮ್ಮ ಜಂಕ್ಷನ್ನೇ ಅಂದುಕೊಳ್ಳಿ ಸರ್, ಎಂದೆ.
ಮೊಮ್ಮಗಳಿಗೆ ನೀವು ಕಳಿಸುವ ಫೋಟೋ ಇಡಿಯಾಗಿ ಹೋಗುವುದಿಲ್ಲ,
ಬೋಗಿ ಬೋಗಿಯಾಗಿ ಕಳಚಿಕೊಂಡು ಹೋಗುತ್ತದೆ.
ಅದು ಪ್ಯಾಕೆಟ್ಟು. ಒಂದೊಂದಕ್ಕೂ
ಸೇರುವ ಊರಿನ ಚೀಟಿ, ಸರದಿಯ ಅಂಕಿ.
ಒಂದು ಕಡೂರಿನ ಮೇಲೆ, ಒಂದು ತಿಪಟೂರಿನ ಮೇಲೆ,
ಮುಟ್ಟಿದಲ್ಲಿ ಮತ್ತೆ ಕೊಂಡಿ ಹಾಕಿಕೊಳ್ಳುತ್ತವೆ.
ದಾರಿ ಕವಲೊಡೆಯುವಲ್ಲಿ ನಿಂತು
‘ನೀನಿತ್ತ, ನೀನತ್ತ’ ಅನ್ನುವುದು ರೌಟರು.

‘ಪಾಯಿಂಟ್ಸ್‌ಮನ್ ಹಾಲಪ್ಪ’ ಎಂದರು.
‘ಒಂದು ಸಲವೂ ತಪ್ಪಲಿಲ್ಲ. ಕುಡಿದಾಗಲೂ.’

ಪೋರ್ಟು, ಪ್ಲಾಟ್‌ಫಾರಂ ನಂಬರು. ತಲೆದೂಗಿದರು.
ಡಿಎನ್‌ಎಸ್, ವಿಚಾರಣೆಯ ಕಿಂಡಿ:
ಹೆಸರು ಹೇಳಿದರೆ ನಂಬರು ಹೇಳುತ್ತದೆ.
‘ಊಟದ ಹೊತ್ತಿಗೆ ಮುಚ್ಚುತ್ತದೆಯೋ?’
ಆಗೊಮ್ಮೆ ಈಗೊಮ್ಮೆ, ಎಂದೆ. ನಕ್ಕೆವು.

ಫೈರ್‌ವಾಲು, ಗೇಟಿನಲ್ಲಿ ನಿಂತ ಟಿಕೆಟ್ ಕಲೆಕ್ಟರು.
‘ಗೇಟಿದ್ದದ್ದು ಮುಂದುಗಡೆ.
ಗೂಡ್ಸ್ ಶೆಡ್ಡಿನ ಹಿಂದೆ ಬೇಲಿ ಮುರಿದಿತ್ತು,
ಊರಿಗೆಲ್ಲ ಗೊತ್ತಿತ್ತು, ಸ್ಟೇಷನ್ ಮಾಸ್ತರಿಗೆ ಬಿಟ್ಟು.’
ಅದಕ್ಕೂ ಒಂದು ಹೆಸರಿದೆ ಸರ್, ವಲ್ನರಬಿಲಿಟಿ.
ಅವರ ನಾಲಿಗೆ ಹೊರಳಲಿಲ್ಲ. ನನ್ನದೂ ಅಷ್ಟೇ ಅನ್ನಿ.
ಮುರಿದ ಬೇಲಿ ಎಂದೇ ಇಟ್ಟುಕೊಂಡೆವು.
ಫೋನು ಆಗಾಗ ಕೇಳುತ್ತದಲ್ಲ ಅಪ್‌ಡೇಟು,
ಅದು ಆ ಬೇಲಿಗೆ ಹಾಕುವ ತೇಪೆ.

ಎನ್‌ಕ್ರಿಪ್ಷನ್ನಿಗೆ ನನ್ನ ಬಳಿ ಹೋಲಿಕೆ ಇರಲಿಲ್ಲ. ತಡವರಿಸಿದೆ.
ಅವರೇ ಎತ್ತಿಕೊಟ್ಟರು:
‘ಕ್ಯಾಶಿನ ಪೆಟ್ಟಿಗೆ. ಗಾರ್ಡಿನ ಡಬ್ಬಿಯಲ್ಲಿ
ಎಲ್ಲರ ಕಣ್ಣೆದುರೇ ಹೋಗುತ್ತಿತ್ತು.
ಒಳಗೆಷ್ಟಿದೆಯೆಂದು ಗಾರ್ಡಿಗೂ ಗೊತ್ತಿಲ್ಲ.
ಬೀಗದ ಕೈ ಇನ್ನೊಂದು ತುದಿಯಲ್ಲಿ.’
ನಾಳೆ ಶಾಲೆಯಲ್ಲಿ ಜಾಗೃತಿ ಕಾರ್ಯಕ್ರಮವಿದೆ,
ಇದನ್ನು ಕದಿಯುತ್ತೇನೆ.

ಆಮೇಲೆ ಮೌನ. ಫ್ಯಾನಿನ ಸದ್ದು.
‘ಹಾಗಾದರೆ ನನ್ನಲ್ಲಿ ಬೇಲಿ ಮುರಿದದ್ದು ಎಲ್ಲಿ?’

ಅವರಿಗೂ ಗೊತ್ತಿತ್ತು. ಅವರೇ ಹೇಳಿದರು.
‘ಬ್ಯಾಂಕಿನಿಂದ ಅಂದ. ಒಳ್ಳೆಯ ದನಿಯಮ್ಮ.
ಉಸಿರು ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುತ್ತಿದ್ದ.
ಪಿಂಚಣಿ ಖಾತೆ ನಿಲ್ಲುತ್ತದೆ, ಬಂದ ನಂಬರು ಓದಿ ಅಂದ.
ಓದಿದೆ.
ಬಿಡಿಬಿಡಿಯಾಗಿ, ಒಂದೊಂದೇ ಅಂಕಿ, ಕನ್ನಡದಲ್ಲಿ.
ಅಷ್ಟೇ ಸಾಕಿತ್ತು ಅವನಿಗೆ.
ಬಾಯಿ ನಿಲ್ಲಲಿಲ್ಲ ನೋಡು,
ಹಿಂದಿಯಲ್ಲಿ ಓದಿದೆ. ಆಮೇಲೆ ಇಂಗ್ಲಿಷಿನಲ್ಲಿ.
ಯಾರೂ ಕೇಳಿರಲಿಲ್ಲ.’

ಅರವತ್ತೆಂಟು ಸಾವಿರ.
ಗಂಟೆಯೊಳಗೆ ೧೯೩೦ಕ್ಕೆ ಫೋನು ಮಾಡಿದ್ದೀರಿ,
ಸ್ವಲ್ಪವಾದರೂ ತಡೆ ಬಿದ್ದಿರಬಹುದು, ಎಂದೆ.
ಬಹುದು ಎಂಬ ಮಾತನ್ನು
ರೈಲು ತಡವಾದಾಗ ಅವರೆಷ್ಟು ಸಲ ಆಡಿಲ್ಲ.

ನಾಲ್ಕನೇ ಕಾಲಮ್ಮಿಗೆ ಬರೆದೆ: ವಿಶಿಂಗ್.
ಅಂದರೆ?
ದನಿಯಲ್ಲಿ ಗಾಳ ಹಾಕುವುದು ಸರ್.
‘ದನಿಯಲ್ಲಿ’ ಎಂದರು ತಮ್ಮಷ್ಟಕ್ಕೆ.

ಸಹಿಗೆ ಮುಂಚೆ ಹೇಳಿಕೆ ಓದಿ ಕೇಳಿಸಬೇಕು.
ನೀವೇ ಓದಿಬಿಡಿ ಎಂದೆ.
ಕನ್ನಡಕ ಏರಿಸಿದರು, ಗಂಟಲು ಸರಿಮಾಡಿಕೊಂಡರು.
ಮೊದಲ ಸಾಲಿಗೇ
ಹೊರಗಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವನೊಬ್ಬ
ಚೀಲ ಹೆಗಲಿಗೇರಿಸಿಕೊಂಡು ಎದ್ದುನಿಂತ.

ಆ ಆರು ಅಂಕಿ ಬಂದಲ್ಲಿ ನಿಲ್ಲಿಸಿದರು.
‘ಇದನ್ನು?’
ಅದರ ಅವಧಿ ಮುಗಿದಿದೆ ಸರ್, ಇನ್ನು ಏನೂ ಆಗದು.
‘ಆದರೂ’ ಎಂದು
ಸಾಲಿನ ಮೇಲೆ ಬೆರಳಿಟ್ಟು ಮುಚ್ಚಿ
ಮುಂದಿನದಕ್ಕೆ ಹೋದರು.